ಟೈಮಿಂಗ್ ಬೆಲ್ಟನ್ನು ಯಾವಾಗ ಬದಲಿಸಬೇಕು, ಏಕೆ ಬದಲಿಸಬೇಕು

ಮಂಡ್ಯದಿಂದ ಮೈಸೂರಿಗೆ ದಿನವೂ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುವವರು ವರ್ಷಕ್ಕೆ ಸುಮಾರು 25,000 ಕಿಲೋಮೀಟರ್ ಓಡಿಸುತ್ತಾರೆ. ಕುವೆಂಪುನಗರದ ಮನೆಯಿಂದ ಮಾರುಕಟ್ಟೆಗೂ ನೆಂಟರ ಮದುವೆಗಳಿಗೂ ಮಾತ್ರ ಕಾರು ಹೊರತೆಗೆಯುವ ನಿವೃತ್ತರೊಬ್ಬರಿಗೆ 3,000 ದಾಟುವುದೂ ಅಪರೂಪ. ಟೈಮಿಂಗ್ ಬೆಲ್ಟಿನ ಆಯಸ್ಸು ಇಬ್ಬರ ಕಾರಿನಲ್ಲೂ ಮುಗಿಯುತ್ತದೆ. ಮೊದಲನೆಯವರಿಗೆ ಕಿಲೋಮೀಟರ್ ಲೆಕ್ಕದಲ್ಲಿ, ಎರಡನೆಯವರಿಗೆ ವರ್ಷಗಳ ಲೆಕ್ಕದಲ್ಲಿ. ಓಡಿಸದೆ ನಿಲ್ಲಿಸಿದ ಕಾರಿನ ಬೆಲ್ಟ್ ಹೊಸದಾಗಿಯೇ ಇರುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು.

ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟನ್ನೂ ಗಾಳಿಯನ್ನು ಒಳಬಿಟ್ಟು ಹೊಗೆಯನ್ನು ಹೊರಬಿಡುವ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ಶಾಫ್ಟನ್ನೂ ಒಂದೇ ತಾಳಕ್ಕೆ ಕಟ್ಟಿಹಾಕುವುದು ಈ ಹಲ್ಲುಳ್ಳ ರಬ್ಬರ್ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು ಬರಬೇಕು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವಾಗ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚಿಕೊಳ್ಳುತ್ತದೆ. ಬಹುಪಾಲು ಎಂಜಿನ್‌ಗಳಲ್ಲಿ, ಡೀಸೆಲ್ ಎಂಜಿನ್‌ಗಳಲ್ಲಂತೂ ಹೆಚ್ಚುಕಡಿಮೆ ಎಲ್ಲದರಲ್ಲೂ, ವಾಲ್ವ್ ಕೆಳಗಿಳಿಯುವ ಜಾಗಕ್ಕೇ ಪಿಸ್ಟನ್ ಮೇಲೇರಿ ಬರುತ್ತದೆ. ಎರಡೂ ಬೇರೆ ಬೇರೆ ಕ್ಷಣದಲ್ಲಿ ಬರುವುದರಿಂದ ಪರಸ್ಪರ ತಾಗುವುದಿಲ್ಲ. ಬೆಲ್ಟ್ ತುಂಡಾದರೆ ಕ್ಯಾಮ್ ನಿಂತಲ್ಲೇ ನಿಲ್ಲುತ್ತದೆ, ತೆರೆದಿದ್ದ ವಾಲ್ವ್ ತೆರೆದೇ ಇರುತ್ತದೆ, ವೇಗದಲ್ಲಿರುವ ಪಿಸ್ಟನ್ ಬಂದು ಅದನ್ನು ಗುದ್ದುತ್ತದೆ. ಕೆಲವು ಹಲ್ಲು ಜಾರಿದರೂ ತಾಳ ತಪ್ಪಿ ಇದೇ ಗತಿಯಾಗಬಹುದು. ಆಮೇಲೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ, ಬಾಗಿದ ವಾಲ್ವ್‌ಗಳನ್ನು ಬದಲಿಸಿ, ಒಡೆದ ಗೈಡ್‌ಗಳನ್ನೂ ಪೆಟ್ಟುಬಿದ್ದ ಪಿಸ್ಟನ್‌ಗಳನ್ನೂ ನೋಡಬೇಕಾಗುತ್ತದೆ. ಆ ಖರ್ಚು ಸಕಾಲದಲ್ಲಿ ಬೆಲ್ಟ್ ಬದಲಿಸುವ ಖರ್ಚಿನ ಹಲವು ಪಟ್ಟು. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಮತ್ತು ಪಿಸ್ಟನ್ ನಡುವೆ ಸಾಕಷ್ಟು ಅಂತರವಿರುವುದರಿಂದ ಕಾರು ಬರೀ ನಿಂತುಹೋಗುತ್ತದೆ.

ನಿಮ್ಮ ಕಾರಿನಲ್ಲಿ ಬೆಲ್ಟ್ ಇದೆಯೇ, ಅದೇ ಕೆಲಸ ಮಾಡುವ ಲೋಹದ ಚೈನ್ ಇದೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಿ. ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಇಂದಿಗೂ ಕಾಣುವ ಹಳೆಯ 2.5 ಲೀಟರ್ ಇನೋವಾದಲ್ಲಿ, 1.5 ಲೀಟರ್ ಡೀಸೆಲ್ ಡಸ್ಟರ್‌ನಲ್ಲಿ, ಹಿಂದಿನ ಮಾರುತಿ 800ರಲ್ಲಿ ಬೆಲ್ಟ್ ಇದೆ. 1.3 ಲೀಟರ್ ಡೀಸೆಲ್ ಸ್ವಿಫ್ಟ್‌ನಲ್ಲಿ ಚೈನ್ ಇದೆ. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ಎಂಜಿನ್ ಬಂದಿರುವುದುಂಟು, ಆದ್ದರಿಂದ ಕಾರಿನ ಹೆಸರನ್ನಷ್ಟೇ ನೋಡದೆ ಎಂಜಿನ್ ಯಾವುದೆಂದು ನೋಡಬೇಕು.

ಬದಲಿಸುವ ಅವಧಿ ಹಲವು ಎಂಜಿನ್‌ಗಳಿಗೆ 60,000ದಿಂದ 1,00,000 ಕಿಲೋಮೀಟರ್‌ಗಳ ನಡುವೆ ಇರುತ್ತದೆ. ಕೆಲವಕ್ಕೆ ಅದಕ್ಕೂ ಹೆಚ್ಚು. ಜತೆಗೆ ವರ್ಷಗಳ ಮಿತಿಯೂ ಇರುತ್ತದೆ. ಕಾರಿನೊಂದಿಗೆ ಬಂದ ಕೈಪಿಡಿಯಲ್ಲಿ ಹೇಳಿರುವ ಇವೆರಡರಲ್ಲಿ ಯಾವುದು ಮೊದಲು ಬರುತ್ತದೆಯೋ ಅದೇ ಗಡುವು. ರಬ್ಬರು ಎಂಜಿನ್ನಿನ ಬಿಸಿಗೆ ವರ್ಷಗಟ್ಟಲೆ ಬೆಂದು ಗಡುಸಾಗುತ್ತದೆ, ಒಳಗಿನ ಗಾಜಿನ ನಾರಿನ ಎಳೆಗಳು ಬಾಗಿ ಬಾಗಿ ಸೊರಗುತ್ತವೆ. ಓಡೋಮೀಟರ್ ಹೇಳದ ಇನ್ನೊಂದು ಲೆಕ್ಕವೂ ಇದೆ. ದಸರೆಯ ಸಂಜೆ ಅರಮನೆಯ ಸುತ್ತಲಿನ ರಸ್ತೆಗಳಲ್ಲಿ, ಅಥವಾ ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಒಳರಸ್ತೆಗಳಲ್ಲಿ ಗಾಡಿಗಳ ಸಾಲಿನ ಹಿಂದೆ, ಎಂಜಿನ್ ಆರಿಸದೆ ಒಂದು ಗಂಟೆ ನಿಂತರೆ, ನಿಮಿಷಕ್ಕೆ 800 ಸುತ್ತಿನಂತೆ ಕ್ರ್ಯಾಂಕ್ 48,000 ಸುತ್ತು ತಿರುಗಿರುತ್ತದೆ. 2,000 ಸುತ್ತಿನ ವೇಗದಲ್ಲಿ ಗಂಟೆಗೆ 60 ಕಿಲೋಮೀಟರ್ ಓಡುವ ಕಾರಿಗೆ ಅದು 24 ಕಿಲೋಮೀಟರ್ ಓಡಿದ್ದಕ್ಕೆ ಸಮ. ಇಂತಹ ಓಡಾಟ ಹೆಚ್ಚಿದ್ದರೆ ಗಡುವಿಗೆ ಸ್ವಲ್ಪ ಮೊದಲೇ ಬದಲಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಕವರ್ ತೆಗೆಸಿ ನೋಡಿದಾಗ ಬಿರುಕು, ಅಂಚಿನಲ್ಲಿ ಎದ್ದ ನೂಲು, ಸವೆದ ಹಲ್ಲು, ಆಯಿಲ್ ಅಥವಾ ಕೂಲೆಂಟ್ ತಾಗಿದ ಗುರುತು ಕಂಡರೆ ಗಡುವಿಗೆ ಕಾಯಬಾರದು. ಆದರೆ ಏನೂ ಕಾಣಲಿಲ್ಲವೆಂದು ಗಡುವನ್ನು ಮುಂದೂಡುವುದೂ ತಪ್ಪು. ನೋಡಲು ಚೆನ್ನಾಗಿರುವ ಬೆಲ್ಟೂ ಯಾವ ಮುನ್ಸೂಚನೆಯಿಲ್ಲದೆ ಹರಿಯಬಲ್ಲದು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಸೋದರಮಾವ ಕೊಂಡ ಡೀಸೆಲ್ ಕಾರಿನ ಜತೆ ‘ಬೆಲ್ಟ್ ಬದಲಾಯಿಸಲಾಗಿದೆ’ ಎಂದು ಬರೆದ ಬಿಲ್ ಇತ್ತು. ಎಂಟು ತಿಂಗಳ ನಂತರ ಶ್ರೀರಂಗಪಟ್ಟಣದ ಹತ್ತಿರ ಎಂಜಿನ್ ಒಮ್ಮೆಲೇ ನಿಂತಿತು. ಬಿಚ್ಚಿ ನೋಡಿದರೆ ಬದಲಾಗಿದ್ದದ್ದು ಹೊರಗಿನ ಫ್ಯಾನ್ ಬೆಲ್ಟ್ ಮಾತ್ರ. ಟೈಮಿಂಗ್ ಬೆಲ್ಟ್ ತುಂಡಾಗಿ ಎಂಟು ವಾಲ್ವ್‌ಗಳೂ ಬಾಗಿದ್ದವು. ಬಿಲ್ಲಿನಲ್ಲಿ ‘ಟೈಮಿಂಗ್’ ಎಂಬ ಪದ, ಬಿಡಿಭಾಗದ ಸಂಖ್ಯೆ, ಅಂದಿನ ಕಿಲೋಮೀಟರ್ ಈ ಮೂರರಲ್ಲಿ ಒಂದಾದರೂ ಇಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲವೆಂದೇ ತಿಳಿದು, ಕಾರು ಮನೆಗೆ ಬಂದ ಕೂಡಲೇ ಆ ಕೆಲಸ ಮಾಡಿಸಿ.

ಮಾಡಿಸುವಾಗ ಬರೀ ಬೆಲ್ಟ್ ಹಾಕಿಸಬೇಡಿ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಮತ್ತು ಐಡ್ಲರ್ ಬೇರಿಂಗ್‌ಗಳೂ ಅಷ್ಟೇ ದೂರ ಓಡಿರುತ್ತವೆ. ಅವುಗಳಲ್ಲಿ ಒಂದು ಬಿಗಿದುಕೊಂಡರೂ ಹೊಸ ಬೆಲ್ಟ್ ಹಾಳಾಗುತ್ತದೆ. ಇವೆಲ್ಲ ಒಟ್ಟಿಗೆ ಕಿಟ್ ಆಗಿ ಸಿಗುತ್ತವೆ. ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುವುದಾದರೆ ಅದನ್ನೂ ಬದಲಿಸಿಕೊಳ್ಳಿ, ಏಕೆಂದರೆ ಮುಂದೆ ಅದು ಸೋರಿದಾಗ ಬಿಚ್ಚುವ ಕೂಲಿಯನ್ನು ಮತ್ತೊಮ್ಮೆ ಪೂರ್ತಿ ಕೊಡಬೇಕಾಗುತ್ತದೆ. ಕ್ರ್ಯಾಂಕ್ ಮತ್ತು ಕ್ಯಾಮ್ ಆಯಿಲ್ ಸೀಲುಗಳಲ್ಲಿ ಜಿನುಗು ಕಂಡರೆ ಅವುಗಳಿಗೂ ಇದೇ ಸಮಯ.

ಈ ಕೆಲಸವನ್ನು ಅನುಭವವಿಲ್ಲದವರು ಮನೆಯಂಗಳದಲ್ಲಿ ಮಾಡಬಾರದು, ಆದರೆ ಕ್ರಮ ತಿಳಿದಿದ್ದರೆ ಮೆಕ್ಯಾನಿಕ್ ಬಳಿ ಸರಿಯಾದ ಪ್ರಶ್ನೆ ಕೇಳಬಹುದು. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಎಂಜಿನ್ನನ್ನು ಟೈಮಿಂಗ್ ಗುರುತುಗಳು ಕೂಡುವ ಸ್ಥಾನಕ್ಕೆ ತಂದು, ಆ ಎಂಜಿನ್ನಿಗೆಂದೇ ಇರುವ ಲಾಕಿಂಗ್ ಪಿನ್‌ಗಳಿಂದ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ಅಲುಗದಂತೆ ನಿಲ್ಲಿಸಿದ ನಂತರವೇ ಹಳೆಯ ಬೆಲ್ಟ್ ತೆಗೆಯಬೇಕು. ಹೊಸ ಬೆಲ್ಟನ್ನು ಮಡಚಬಾರದು, ಸ್ಕ್ರೂಡ್ರೈವರ್‌ನಿಂದ ಮೀಟಿ ಕೂರಿಸಬಾರದು. ಬಿಗಿ ಹೊಂದಿಸಿ ಪಿನ್‌ಗಳನ್ನು ತೆಗೆದ ಮೇಲೆ, ಪಾನಾ ಹಾಕಿ ಕೈಯಿಂದಲೇ ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲಿ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಬೇಕು. ನಡುವೆ ಎಲ್ಲಾದರೂ ತಡೆ ಸಿಕ್ಕರೆ ಬಲ ಹಾಕದೆ ನಿಲ್ಲಿಸಬೇಕು. ಈ ಎರಡು ಸುತ್ತನ್ನು ಬಿಟ್ಟು ನೇರವಾಗಿ ಸ್ಟಾರ್ಟ್ ಮಾಡುವವರ ಕೈಗೆ ನಾನಂತೂ ಕಾರು ಕೊಡುವುದಿಲ್ಲ. ಹಳೆಯ ಬೆಲ್ಟನ್ನೂ ಬೇರಿಂಗ್‌ಗಳನ್ನೂ ಕೇಳಿ ಪಡೆದುಕೊಳ್ಳಿ.

ಓಡುತ್ತಿರುವಾಗಲೇ ಎಂಜಿನ್ ಹಠಾತ್ತನೆ ನಿಂತು, ಮತ್ತೆ ಕೀ ತಿರುಗಿಸಿದಾಗ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದಂತೆ ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು, ಅಲ್ಲಿಗೆ ಕೈಬಿಡಿ. ಇನ್ನೊಮ್ಮೆ ಸ್ಟಾರ್ಟ್ ಮಾಡಲು ನೋಡುವುದಾಗಲಿ, ತಳ್ಳಿಸುವುದಾಗಲಿ ಮಾಡಿದರೆ ಉಳಿದ ವಾಲ್ವ್‌ಗಳಿಗೂ ಪೆಟ್ಟು ಬೀಳಬಹುದು. ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಸೇರಿಸಿ.