720 ಸಾಲಿನ ಹಾಳೆ: ಹೆಣ್ಣಿನ ಬಡತನವನ್ನು ನಿಯಮಗಳಲ್ಲಿ ಹುಡುಕಿದ ಬಗೆ

ಸರ್ಕಾರದ ನೀತಿಯೇ ಹೆಂಗಸರನ್ನು ಬಡತನಕ್ಕೆ ತಳ್ಳುತ್ತದೆ ಎಂದ ಕೂಡಲೇ ಎದುರಿನಿಂದ ಬರುವ ಮಾತು ಒಂದೇ: "ಕಾನೂನಿನಲ್ಲಿ ಗಂಡು ಹೆಣ್ಣು ಅಂತ ಎಲ್ಲಿ ಬರೆದಿದೆ, ತೋರಿಸಿ." ಬಹಳ ಕಡೆ ಬರೆದಿರುವುದಿಲ್ಲ, ನಿಜ. ನಮ್ಮ ಮೊದಲ ಎರಡು ವರದಿಗಳು ಬಿದ್ದುಹೋದದ್ದು ಈ ಪ್ರಶ್ನೆಗೇ. ಮೂರನೆಯದು ನಿಂತಿತು. ಅಂದು ಒಪ್ಪದೆ ತಲೆಯಾಡಿಸಿದವರೇ ಇಂದು ಹಾಳೆಯ ಪ್ರತಿ ಕೇಳುತ್ತಾರೆ.

ಮೊದಲ ಸುತ್ತಿನ ತಪ್ಪು ಕುಟುಂಬವನ್ನು ಘಟಕ ಮಾಡಿಕೊಂಡದ್ದು. ಮನೆಯ ಒಟ್ಟು ವರಮಾನವನ್ನು ತಲೆಗಳಿಗೆ ಭಾಗಿಸಿದಾಗಲೇ ಗಂಡ ಹೆಂಡತಿ ಇಬ್ಬರೂ ಸಮಾನ ಬಡವರೋ ಸಮಾನ ಸ್ಥಿತಿವಂತರೋ ಆಗಿಬಿಡುತ್ತಾರೆ. ಹುಡುಕಲು ಹೊರಟ ವ್ಯತ್ಯಾಸವನ್ನು ಸೂತ್ರವೇ ಅಳಿಸಿರುತ್ತದೆ. ಆ ಸುತ್ತಿನ ಹಣದ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸಮೀಕ್ಷೆಗೇ ಹೋಯಿತು. ಕೈಗೆ ಸಿಕ್ಕದ್ದು ಒಂಟಿ ತಾಯಂದಿರ ಮನೆಗಳ ಅಂಕಿ ಮಾತ್ರ. ಅಮೆರಿಕದ ಅಂಥ ಮನೆಗಳ ಬಗ್ಗೆ ಸಮಾಜಶಾಸ್ತ್ರಜ್ಞೆ ಡಯಾನಾ ಪಿಯರ್ಸ್ 1978ರಲ್ಲೇ ಬರೆದಾಗಿತ್ತು; ಅದನ್ನೇ ಮತ್ತೆ ಹೇಳಲು ಅಷ್ಟು ದುಡ್ಡು ಸುರಿಯಬೇಕಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಯೋಜನೆಗಳನ್ನು ಒಂದೊಂದಾಗಿ ಪರೀಕ್ಷಿಸಿದೆವು. ಬಿಡಿಬಿಡಿಯಾಗಿ ನೋಡಿದರೆ ಒಂದರಲ್ಲೂ ದೊಡ್ಡ ದೋಷವಿಲ್ಲ. ಪೆಟ್ಟು ಬೀಳುವುದು ಎರಡು ನಿಯಮ ಸೇರುವ ಬೆಸುಗೆಯಲ್ಲಿ.

ಮೂರನೆಯ ಸಲ ಸಮೀಕ್ಷೆ ಕೈಬಿಟ್ಟು, ಒಬ್ಬ ಕಲ್ಪಿತ ಹೆಣ್ಣನ್ನು 18ರಿಂದ 78ನೇ ವಯಸ್ಸಿನವರೆಗೆ ನಿಯಮಗಳ ನಡುವೆ ನಡೆಸಿದೆವು. 60 ವರ್ಷ, ತಿಂಗಳಿಗೊಂದರಂತೆ 720 ಸಾಲು. ಕಂಬಗಳು (ಕಾಲಂಗಳು): ಸಂಬಳ, ತೆರಿಗೆ, ನೆರವು, ಶಿಶುಪಾಲನೆಯ ಖರ್ಚು, ಪಿಂಚಣಿ ವಂತಿಗೆ, ಹಣ ಯಾರ ಖಾತೆಗೆ, ಅರ್ಜಿ ಯಾರ ಹೆಸರಲ್ಲಿ. ಪಕ್ಕದ ಹಾಳೆಯಲ್ಲಿ ಅದೇ ಓದು, ಅದೇ ಮೊದಲ ಸಂಬಳದ ಗಂಡು. ಆಕೆಯ ಹಾಳೆಯಲ್ಲಿ ಬದಲಾಗುವುದು ನಾಲ್ಕೇ ಘಟನೆ: ಎರಡು ಹೆರಿಗೆ, ವಯಸ್ಸಾದವರ ಆರೈಕೆ, ಮದುವೆ ಮುರಿಯುವುದು. ಸಂಬಳದ ಮೊತ್ತ ಇಬ್ಬರಿಗೂ ನಾವೇ ಇಟ್ಟದ್ದು. ಹಾಳೆಯ ಉಳಿದ ಚೌಕಗಳನ್ನು ಸರಾಸರಿಗಳಿಂದ ತುಂಬದೆ, ರಾಜ್ಯಪತ್ರದ ಕಲಮಿನಿಂದಲೇ ತುಂಬಬೇಕು.

ಬೆಸುಗೆ ಹೇಗಿರುತ್ತದೆ ಎಂಬುದಕ್ಕೆ ಜರ್ಮನಿ ಒಳ್ಳೆಯ ಮಾದರಿ. ಅಲ್ಲಿ 1958ರಿಂದ ದಂಪತಿಗಳ ವರಮಾನ ಕೂಡಿಸಿ ತೆರಿಗೆ ಹಾಕುವ ಪದ್ಧತಿ ಇದೆ. ಹೆಚ್ಚು ಗಳಿಸುವವರು ಮೂರನೇ ತೆರಿಗೆ ವರ್ಗ, ಕಡಿಮೆ ಗಳಿಸುವವರು ಐದನೇ ವರ್ಗ ಆಯ್ದುಕೊಂಡರೆ ಐದರವರ ತಿಂಗಳ ಸಂಬಳದಲ್ಲಿ ಕಡಿತ ಜಾಸ್ತಿ. ವರ್ಷದ ಕೊನೆಗೆ ಜೋಡಿಯ ಒಟ್ಟು ತೆರಿಗೆ ಒಂದೇ ಆಗುವುದರಿಂದ ತೆರಿಗೆಯವರ ಲೆಕ್ಕದಲ್ಲಿ ನಷ್ಟ ಕಾಣುವುದೇ ಇಲ್ಲ. ಆದರೆ ನಿರುದ್ಯೋಗ ಭತ್ಯೆಯನ್ನೂ ಪಾಲಕರ ಭತ್ಯೆಯನ್ನೂ ಎಣಿಸುವುದು ಕೈಗೆ ಬಂದ ಸಂಬಳದ ಮೇಲೆ. ಐದನೇ ವರ್ಗದಲ್ಲಿ ಹೆಚ್ಚಾಗಿ ಇರುವವಳು ಹೆಂಡತಿ. ಕೆಲಸ ಹೋದ ದಿನ ಅವಳ ಭತ್ಯೆ ಕುಗ್ಗಿರುತ್ತದೆ. ಎರಡು ಕಾನೂನನ್ನೂ ಒಂದೇ ಸಾಲಿನಲ್ಲಿ ಇಡದೆ ಇದು ಸಿಗುವುದಿಲ್ಲ.

ಬ್ರಿಟನ್ನಿನ ಸಾಲು ಇನ್ನೂ ಸರಳ. ವಿನಾಯಿತಿ ಮಿತಿ ದಾಟಿದ ಮೇಲೆ 100 ಹೆಚ್ಚು ದುಡಿದರೆ 20 ತೆರಿಗೆ, 8 ರಾಷ್ಟ್ರೀಯ ವಿಮೆ. ಉಳಿದ 72ರ ಶೇಕಡಾ 55ರಷ್ಟು ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ವರಮಾನದವರಿಗೆ ಸರ್ಕಾರ ಕೊಡುವ ನೆರವು) ಕಡಿತ. ಕೈಗೆ 32.4. ಈ ಕಡಿತ ಗಂಡನಿಗೂ ಇದೆ. ಆದರೆ ಸಂಬಳದಲ್ಲಿ ನೆರವಿನ ಕಡಿತವಿಲ್ಲದೆ ಬಿಡುವ ಮೊದಲ ಭಾಗ ಜೋಡಿಗೆ ಒಂದೇ. ಅದನ್ನು ಅವನ ಸಂಬಳ ಆಗಲೇ ತಿಂದಿರುತ್ತದೆ. ಮಗುವನ್ನು ಬಿಟ್ಟು ಹೋಗುವ ಖರ್ಚು ನಿಲ್ಲುವುದು ಅವಳ 32ರ ಎದುರು.

ಅಲ್ಲಿಂದ 40 ವರ್ಷ ಮುಂದಕ್ಕೆ ಹೋಗಿ. ಬ್ರಿಟನ್ನಿನ 2016ರ ಹೊಸ ಸರ್ಕಾರಿ ಪಿಂಚಣಿಗೆ ಪೂರ್ತಿ ಮೊತ್ತ ಬೇಕೆಂದರೆ ಸಾಮಾನ್ಯವಾಗಿ 35 ವರ್ಷದ ವಂತಿಗೆಯ ದಾಖಲೆ ಬೇಕು, 10ಕ್ಕಿಂತ ಕಡಿಮೆಯಾದರೆ ಸೊನ್ನೆ. 9 ವರ್ಷ ಕಟ್ಟಿದ್ದಕ್ಕೂ ಸೊನ್ನೆಯೇ. ಮಗುವಿಗೆ 12 ತುಂಬುವ ತನಕ ಮನೆಯಲ್ಲಿದ್ದವಳಿಗೆ ಆ ವರ್ಷಗಳೂ ದಾಖಲೆಗೆ ಸೇರುತ್ತವೆ, ಆದರೆ ಅದು ದಕ್ಕುವುದು ಮಕ್ಕಳ ಭತ್ಯೆಗೆ ಯಾರ ಹೆಸರಲ್ಲಿ ಅರ್ಜಿಯಿದೆಯೋ ಅವರಿಗೆ. 'ಅರ್ಜಿ ಯಾರ ಹೆಸರಲ್ಲಿ' ಎಂಬ ಕಂಬವನ್ನು ವ್ಯರ್ಥ ಎಂದು ಹಲವರು ಹೇಳಿದ್ದರು. ಇಡೀ ಹಾಳೆಯಲ್ಲಿ ಹೆಚ್ಚು ಫಲ ಕೊಟ್ಟದ್ದು ಅದೇ.

ಚಿಲಿಯ 1981ರ ಖಾಸಗಿ ಪಿಂಚಣಿ ಖಾತೆಗಳನ್ನೂ ಇದೇ ಹಾಳೆಗೆ ಹಾಕಿದೆವು. ಅಲ್ಲಿ ಆಯಸ್ಸಿನ ಕೋಷ್ಟಕ ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ. ನಿವೃತ್ತಿ 65 ಮತ್ತು 60. ಹೆಣ್ಣಿಗೆ ಕೂಡಿಸುವ ವರ್ಷ ಕಡಿಮೆ, ಹಂಚುವ ವರ್ಷ ಹೆಚ್ಚು. ತಾಯಂದಿರಿಗೆ ಪ್ರತಿ ಮಗುವಿಗೂ ಬೋನಸ್ ಸೇರಿದ್ದು 2008ರ ಸುಧಾರಣೆಯಲ್ಲಿ.

ಹೆರಿಗೆ ರಜೆಯಲ್ಲಿ ನೋಡಬೇಕಾದ್ದು ಸಂಬಳ ಯಾರ ತಲೆಗೆ ಎಂಬುದೊಂದೇ. ಭಾರತದ 2017ರ ತಿದ್ದುಪಡಿ 26 ವಾರ ಕೊಟ್ಟಿತು, ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯ ಹೊರಗೆ ಹೊರೆಯೆಲ್ಲ ಮಾಲೀಕರದ್ದು. ಹಾಗಾದಾಗ ನೇಮಕದ ಹೊತ್ತಿಗೇ ಅವಳು ದುಬಾರಿ ಎನಿಸಿಕೊಳ್ಳುತ್ತಾಳೆ.

ನಡುವೆ ಸಮಯದ ಕಂಬ ಸೇರಿಸಿ ನೋಡಿದೆವು. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರಿಗೆ ದಿನಕ್ಕೆ 299 ನಿಮಿಷ, ಗಂಡಸರಿಗೆ 97. ಅದಕ್ಕೆ ಬೆಲೆ ಕಟ್ಟಲು ಹೋಗಿ ಕೆಟ್ಟೆವು. ಕೆಲಸದಾಳಿನ ಕೂಲಿ ಹಿಡಿದರೆ ಒಂದು ಮೊತ್ತ, ಅವಳೇ ಹೊರಗೆ ಗಳಿಸಬಹುದಾದ್ದನ್ನು ಹಿಡಿದರೆ ಇನ್ನೊಂದು; ವಾದವೆಲ್ಲ ಅಲ್ಲಿಗೇ ಸಿಕ್ಕಿಕೊಳ್ಳುತ್ತದೆ. ನಿಮಿಷವನ್ನು ನಿಮಿಷವಾಗಿಯೇ ಬಿಡಿ.

ಇನ್ನೊಂದು ಎಡವಟ್ಟು ಇಂದಿನ ನಿಯಮವನ್ನೇ 720 ಸಾಲಿಗೂ ಹಾಕಿದ್ದು. ಬ್ರಿಟನ್ ಹೆಂಗಸರ ಪಿಂಚಣಿ ವಯಸ್ಸನ್ನು 60ರಿಂದ 65ಕ್ಕೆ ಏರಿಸುವ ಕಾನೂನು ಮಾಡಿದ್ದು 1995ರಲ್ಲಿ, ವೇಗ ಹೆಚ್ಚಿಸಿದ್ದು 2011ರಲ್ಲಿ. 60ಕ್ಕೆ ಬರುತ್ತದೆಂದು ಕೆಲಸ ಬಿಟ್ಟವಳ ಬರಿಗೈ ವರ್ಷಗಳು, ಆಯಾ ತಿಂಗಳ ಕಾನೂನು ಹಾಕಿದರಷ್ಟೇ ಕಾಣುತ್ತವೆ.

ನಾಲ್ಕು ಘಟನೆಗಳನ್ನು ಯಾವ ತಿಂಗಳಿಗೆ ಕೂರಿಸಬೇಕು ಎಂಬ ಆಯ್ಕೆಯ ಬಗೆ ನಮ್ಮಲ್ಲೇ ಇರಲಿ. ಅದಕ್ಕೆ ಹೆಚ್ಚು ದಿನ ಹಿಡಿದಿದೆ. ವರದಿಗೆ 720 ಸಾಲೂ ಬೇಡ. ಎರಡು ಹಾಳೆ ಕವಲೊಡೆಯುವ 15-20 ಸಾಲು ಸಾಕು, ಪ್ರತಿಯೊಂದರ ಪಕ್ಕದಲ್ಲಿ ಕಲಮಿನ ಸಂಖ್ಯೆ. "ಎಲ್ಲಿ ಬರೆದಿದೆ" ಎಂದವರ ಮುಂದೆ ನಾವು ಇಟ್ಟದ್ದು ಆ ಒಂದು ಪುಟ.