ಯಾರೋ ದನದ ಕಾಲು ಕಡಿದಾಗ ನಾನು ಮಾಡಿದ್ದು

ಕಳೆದ ಮಳೆಗಾಲ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಪಕ್ಕದ ಮನೆ ಅಜ್ಜಿಯ ಗಿಡ್ಡ ಹಸು ಯಾರದೋ ಗದ್ದೆಗೆ ನುಗ್ಗಿತು. ಸಂಜೆ ಕೊಟ್ಟಿಗೆಗೆ ಬಂದಾಗ ಹಿಂಗಾಲು ನೇತಾಡುತ್ತಿತ್ತು. ಕತ್ತಿ ಏಟು. ಸಸಿ ಹೋದ ಸಿಟ್ಟು ನನಗೂ ಗೊತ್ತು, ನನಗೂ ಗದ್ದೆ ಇದೆ. ಆದರೆ ದನ ನುಗ್ಗಿದರೆ ದೊಡ್ಡಿಗೆ, ಅಂದರೆ ಬೆಳೆಗೆ ನುಗ್ಗಿದ ದನ ಕೂಡಿಹಾಕುವ ಜಾಗಕ್ಕೆ, ಅಟ್ಟಬೇಕು. ಅದಕ್ಕೆ 1871ರಿಂದಲೇ ಕಾನೂನಿದೆ. ನಮ್ಮೂರ ದೊಡ್ಡಿಯಲ್ಲಿ ಈಗ ಲಂಟಾನ ಬೆಳೆದಿದೆ, ಅದು ಬೇರೆ ಮಾತು.

ಫೋನಲ್ಲಿ ನಾಲ್ಕು ಫೋಟೋ ತೆಗೆದು, ವೈದ್ಯರ ಕಾಗದ ಯಾವುದೂ ಇಲ್ಲದೆ ಠಾಣೆಗೆ ಹೋದೆ. ಅದೇ ತಪ್ಪಾಯಿತು. "ಎನ್‌ಸಿಆರ್ ಮಾಡ್ತೀವಿ ಸರ್" ಅಂದರು ರೈಟರ್. ಎನ್‌ಸಿಆರ್ ಅಂದರೆ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಸಣ್ಣ ಅಪರಾಧದ ದಾಖಲೆ. ಅವರ ಲೆಕ್ಕದಲ್ಲಿ ಇದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕಲಂ 11. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಠಾಣೆಗೆ ಹೋಗಿಬರುವ ಖರ್ಚೇ ಅದಕ್ಕಿಂತ ಜಾಸ್ತಿ ಅಲ್ವಾ?

ಪರಿಚಯದ ವಕೀಲರು ಭಾರತೀಯ ನ್ಯಾಯ ಸಂಹಿತೆಯ ಕಲಂ 325 ತೋರಿಸಿದರು. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಊನ ಮಾಡಿದರೆ 5 ವರ್ಷದವರೆಗೆ ಜೈಲು. ಇದಕ್ಕೆ ಮೊದಲಿದ್ದ ಐಪಿಸಿಯಲ್ಲಿ ಹಸು, ಎತ್ತಿನಂಥವನ್ನು ಬಿಟ್ಟು ಉಳಿದ ಪ್ರಾಣಿಗಳ ಬೆಲೆ ನೋಡುತ್ತಿದ್ದರು, ಈಗ ಅದಿಲ್ಲ. ಕೋರ್ಟಿನ ಅನುಮತಿಗೆ ಕಾಯದೆ ಪೊಲೀಸರು ತನಿಖೆ ಮಾಡಬಹುದು.

ಆದರೆ 'ಊನ' ಅಂತ ನಾನು ಹೇಳಿದರೆ ಸಾಲದು. ಮರುದಿನ ಬೆಳಿಗ್ಗೆಯೇ ಪಶುವೈದ್ಯರನ್ನು ಕರೆಸಿದೆ. ಔಷಧಿ ಚೀಟಿಯ ಜೊತೆ ಗಾಯದ ಪ್ರಮಾಣಪತ್ರವನ್ನೂ ಕೇಳಿದೆ. ಯಾವ ಕಾಲು, ಎಷ್ಟು ಉದ್ದ, ಎಷ್ಟು ಆಳ, ಹರಿತವಾದ ಆಯುಧದ್ದೋ ಅಲ್ಲವೋ, ಕಾಲು ಮತ್ತೆ ಊರುತ್ತದೋ ಇಲ್ಲವೋ, ಎಲ್ಲ ಬರೆದುಕೊಟ್ಟರು. ಕಿವಿಯ ಹಳದಿ ಓಲೆಯ 12 ಅಂಕಿಯನ್ನೂ ಬರೆಸಿದೆ. ನಾಳೆ ಯಾರೂ "ಇದು ಆ ಹಸು ಅಲ್ಲ" ಅನ್ನಬಾರದು ನೋಡಿ.

ಕಷ್ಟವಾದದ್ದು ದೂರಿಗೆ ಅಜ್ಜಿಯ ಸಹಿ. "ನಾಳೆನೂ ಇದೇ ಊರಲ್ಲಿ ಬದುಕಬೇಕಲ್ಲ ಮಾರಾಯ" ಅಂದರು. ರಾಜಿ ಮಾಡಿಸುತ್ತೇವೆ ಅಂತ ಬಂದವರೂ ಇದ್ದರು. ಎರಡು ದಿನ ಹೋಯಿತು. ನಾನು ಒತ್ತಾಯ ಮಾಡಲಿಲ್ಲ. ಮೂರನೇ ದಿನ ಅಜ್ಜಿಯೇ ಕರೆದು ಸಹಿ ಹಾಕಿದರು.

ಠಾಣೆಯಲ್ಲಿ ಮತ್ತೆ ಎನ್‌ಸಿಆರ್ ಮಾತೇ. ನಾನು ದನಿ ಏರಿಸಲಿಲ್ಲ. "ಎಫ್‌ಐಆರ್ ಆಗಲ್ಲ ಅಂದ್ರೆ ಕಾರಣ ಬರೆದು ಹಿಂಬರಹ ಕೊಡಿ ಸರ್, ಎಸ್‌ಪಿ ಸಾಹೇಬರಿಗೆ ಅಂಚೆಯಲ್ಲಿ ಕಳಿಸ್ತೀನಿ" ಅಂದೆ. ಸಂಜೆಯೊಳಗೆ ಎಫ್‌ಐಆರ್ ಪ್ರತಿ ಕೈಗೆ ಬಂತು. ಪೊಲೀಸರು ಮಹಜರಿಗೆ ಬಂದಾಗ ಮಳೆ ರಕ್ತವನ್ನೆಲ್ಲ ತೊಳೆದಿತ್ತು. ಮೊದಲ ದಿನದ ಆ ನಾಲ್ಕು ಫೋಟೋಗಳೇ ಉಳಿದದ್ದು.

ಕೇಸ್ ಕೋರ್ಟಿನಲ್ಲಿದೆ. ಮುಂದಿನ ವಾಯಿದೆಗೆ ವೈದ್ಯರ ಸಾಕ್ಷಿ. ಹಸು ಕುಂಟುತ್ತಾ ಅಂಗಳದಲ್ಲೇ ಮೇಯುತ್ತದೆ, ಅಜ್ಜಿ ಹುಲ್ಲು ಕೊಯ್ದು ತಂದು ಹಾಕುತ್ತಾರೆ.