ಸಂಶೋಧಕರ ಪ್ರಭಾವವನ್ನು ಉಲ್ಲೇಖ ಮತ್ತು ಸಹಲೇಖನದಿಂದ ಅಳೆಯುವ ಬಗೆ

ಒಬ್ಬ ಸಂಶೋಧಕರ ಕೆಲಸಕ್ಕೆ ಬೇರೆ ಬರಹಗಳಲ್ಲಿ ಬಂದ ಉಲ್ಲೇಖಗಳನ್ನು ಎಣಿಸಲು ಕುಳಿತವರು ಮೊದಲು ಅವರ ಹೆಸರನ್ನು ಸರಿಪಡಿಸಿಕೊಳ್ಳಬೇಕು. ನಮ್ಮ ಹೆಸರುಗಳಲ್ಲಿ ಇನಿಷಿಯಲ್ ಒಂದು ಲೇಖನದಲ್ಲಿ ಮುಂದಿದ್ದರೆ ಇನ್ನೊಂದರಲ್ಲಿ ಹಿಂದಿರುತ್ತದೆ. ತಂದೆಯ ಹೆಸರೋ ಊರಿನ ಹೆಸರೋ ಒಮ್ಮೆ ಪೂರ್ತಿಯಾಗಿ ಅಚ್ಚಾಗಿ, ಮತ್ತೊಮ್ಮೆ ಒಂದಕ್ಷರಕ್ಕೆ ಇಳಿದು, ಮೂರನೆಯ ಸಲ ಬಿಟ್ಟೇಹೋಗಿರುತ್ತದೆ. ಹೀಗಾಗಿ ಒಬ್ಬರೇ ವ್ಯಕ್ತಿ ದತ್ತಸಂಚಯದಲ್ಲಿ ಮೂವರಾಗಿ ಒಡೆದುಹೋಗುವುದೂ, ಮಂಜುನಾಥ ಅಥವಾ ಕುಮಾರ ಎಂಬ ಹೆಸರಿನ ಹತ್ತಾರು ಜನರ ಕೆಲಸ ಒಬ್ಬರ ಖಾತೆಗೆ ಸೇರಿಕೊಳ್ಳುವುದೂ ದಿನನಿತ್ಯದ ಸಂಗತಿ. ಸಂಶೋಧಕರೇ ಕೊಟ್ಟ ಪ್ರಕಟಣೆಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಹುಡುಕಾಟದಲ್ಲಿ ಸಿಕ್ಕ ಒಂದೊಂದು ಶೀರ್ಷಿಕೆಯನ್ನೂ ಅದರೊಂದಿಗೆ ತಾಳೆ ನೋಡಿ. 2012ರಲ್ಲಿ ಆರಂಭವಾದ ಆರ್ಕಿಡ್ ಎಂಬ 16 ಸ್ಥಾನಗಳ ಗುರುತುಸಂಖ್ಯೆಯನ್ನು ಅವರು ಪಡೆದಿದ್ದರೆ ಈ ಕೆಲಸ ಹಗುರವಾಗುತ್ತದೆ.

ಆಮೇಲೆ ಎಣಿಕೆಯ ಮೂಲವನ್ನು ಆರಿಸಿಕೊಳ್ಳಿ. ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಹೊರತಂದ ಸೈನ್ಸ್ ಸೈಟೇಷನ್ ಇಂಡೆಕ್ಸ್‌ನಿಂದ ಬೆಳೆದ ವೆಬ್ ಆಫ್ ಸೈನ್ಸ್ ಮತ್ತು 2004ರಲ್ಲಿ ಬಂದ ಸ್ಕೋಪಸ್ ಬಹುಮಟ್ಟಿಗೆ ತಾವು ಆಯ್ದುಕೊಂಡ ನಿಯತಕಾಲಿಕಗಳನ್ನೇ ಅವಲಂಬಿಸುತ್ತವೆ. ಅದೇ ವರ್ಷ ಬಂದ ಗೂಗಲ್ ಸ್ಕಾಲರ್ ಉಚಿತವಾಗಿದ್ದು, ಮಹಾಪ್ರಬಂಧ, ವರದಿ, ಪುಸ್ತಕಗಳನ್ನೂ ಒಳಗೊಳ್ಳುವುದರಿಂದ ಅಲ್ಲಿಯ ಸಂಖ್ಯೆ ಸಾಮಾನ್ಯವಾಗಿ ದೊಡ್ಡದಿರುತ್ತದೆ. ಸಂಸ್ಥೆಗೆ ಚಂದಾ ಕಟ್ಟುವ ಶಕ್ತಿ ಇಲ್ಲದಿದ್ದರೆ 2022ರಲ್ಲಿ ಆರಂಭವಾದ ಉಚಿತ ದತ್ತಸಂಚಯ ಓಪನ್‌ಅಲೆಕ್ಸ್ ಒಳ್ಳೆಯ ಆಯ್ಕೆ. ಇಬ್ಬರನ್ನು ಹೋಲಿಸುವುದಾದರೆ ಇಬ್ಬರಿಗೂ ಒಂದೇ ಮೂಲ, ಒಂದೇ ದಿನಾಂಕ ಇರಲೇಬೇಕು. (ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸುವ ಈ ದಾರಿಗೆ 1948ರಲ್ಲೇ ಲೈಬ್ರಮೆಟ್ರಿ ಎಂಬ ಹೆಸರು ಸೂಚಿಸಿದ ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಯ ಕೇಂದ್ರವಾದ ಡಿಆರ್‌ಟಿಸಿಯನ್ನು ಕಟ್ಟಿದರೆಂಬುದು ನನಗೆ ಹೆಮ್ಮೆಯ ವಿಷಯ.)

ಈಗ ಲೆಕ್ಕಕ್ಕೆ ಬರೋಣ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಮುಂದಿಟ್ಟ ಎಚ್-ಸೂಚ್ಯಂಕವನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಐದು ಲೇಖನಗಳಿಗೆ ತಲಾ ಐದಾದರೂ ಉಲ್ಲೇಖ ಬಂದಿದ್ದು, ಆರಕ್ಕೆ ತಲಾ ಆರು ಬಂದಿಲ್ಲದಿದ್ದರೆ ಸೂಚ್ಯಂಕ 5. ಒಬ್ಬರ ಹತ್ತು ಲೇಖನಗಳಿಗೆ ಬಂದ ಉಲ್ಲೇಖಗಳನ್ನು ಇಳಿಕೆಯ ಕ್ರಮದಲ್ಲಿ ಬರೆದಾಗ 48, 31, 19, 11, 8, 7, 7, 4, 2, 0 ಎಂದಾಯಿತು ಎಂದಿಟ್ಟುಕೊಳ್ಳಿ. ಏಳನೆಯ ಲೇಖನಕ್ಕೆ ಏಳು ಉಲ್ಲೇಖಗಳಿವೆ, ಎಂಟನೆಯದಕ್ಕೆ ನಾಲ್ಕೇ ಇವೆ. ಆದ್ದರಿಂದ ಸೂಚ್ಯಂಕ 7. ಇಲ್ಲಿಗೆ ನಿಲ್ಲಿಸದೆ, ಲೇಖಕರು ತಮ್ಮನ್ನು ತಾವೇ ಉಲ್ಲೇಖಿಸಿಕೊಂಡ ಕಡೆಗಳನ್ನು ಕಳೆದು ನೋಡಿ. ಐದು, ಆರು, ಏಳನೆಯ ಲೇಖನಗಳಿಗೆ ಬಂದ ಉಲ್ಲೇಖಗಳಲ್ಲಿ ಅಂಥವು ಕ್ರಮವಾಗಿ 3, 1, 4 ಇದ್ದವೆನ್ನೋಣ. ಒಟ್ಟು 137ರಲ್ಲಿ ಹೋದದ್ದು ಎಂಟೇ. ಆದರೆ ಮತ್ತೆ ಇಳಿಕೆಯ ಕ್ರಮದಲ್ಲಿ ಬರೆದಾಗ ಪಟ್ಟಿ 48, 31, 19, 11, 6, 5, 4, 3, 2, 0 ಎಂದಾಗಿ ಸೂಚ್ಯಂಕ 5ಕ್ಕೆ ಇಳಿಯುತ್ತದೆ. ಸ್ವೋಲ್ಲೇಖ ತಪ್ಪೇನಲ್ಲ, ಹಿಂದಿನ ಕೆಲಸವನ್ನು ಮುಂದುವರಿಸುವವರು ಅದನ್ನು ಹೆಸರಿಸಲೇಬೇಕಾಗುತ್ತದೆ. ಆದರೂ ಸೂಚ್ಯಂಕದ ಗಡಿಯಲ್ಲಿರುವ ಲೇಖನಗಳಿಗೆ ನಾಲ್ಕಾರು ಉಲ್ಲೇಖ ಸೇರಿದರೆ ಸಾಕು, ಅಂಕಿ ಮೇಲೇರುತ್ತದೆ. ಆದ್ದರಿಂದ ವರದಿಯಲ್ಲಿ ಎರಡೂ ಸಂಖ್ಯೆಗಳನ್ನು ಕೊಡುವುದು ನ್ಯಾಯ.

ಲೇಖನದ ವಿಷಯ ಮತ್ತು ವಯಸ್ಸನ್ನು ಮರೆಯುವಂತಿಲ್ಲ. ಜೀವವೈದ್ಯಕೀಯದಲ್ಲಿ ಉಲ್ಲೇಖಗಳು ಬೇಗ ಬಂದು ರಾಶಿ ಬೀಳುತ್ತವೆ; ಗಣಿತದಲ್ಲಿ ನಿಧಾನವಾಗಿ ಬರುತ್ತವೆ. ಒಂದು ಲೇಖನದ ಉಲ್ಲೇಖಗಳನ್ನು ಅದೇ ವಿಷಯದ, ಅದೇ ವರ್ಷದ, ಅದೇ ಬಗೆಯ ಲೇಖನಗಳ ಸರಾಸರಿಯಿಂದ ಭಾಗಿಸಿದ ಪ್ರಮಾಣ 1ಕ್ಕಿಂತ ಹೆಚ್ಚಿದ್ದರೆ ಸರಾಸರಿಗಿಂತ ಮೇಲೆಂದು ಅರ್ಥ. ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್ ಆ ಪತ್ರಿಕೆಯ ಲೇಖನಗಳಿಗೆ ಬಂದ ಉಲ್ಲೇಖಗಳ ಸರಾಸರಿಯೇ ಹೊರತು ಅದರಲ್ಲಿ ಬರೆದ ವ್ಯಕ್ತಿಯದಲ್ಲ. ಅದನ್ನು ಈ ಲೆಕ್ಕಕ್ಕೆ ತರಲೇಬೇಡಿ.

ಸಹಲೇಖನದ ಅಳತೆ ಇನ್ನೂ ಸೂಕ್ಷ್ಮವಾದದ್ದು. 2015ರಲ್ಲಿ ಹಿಗ್ಸ್ ಬೋಸಾನ್ ಎಂಬ ಕಣದ ದ್ರವ್ಯರಾಶಿಯ ಬಗ್ಗೆ ಸರ್ನ್ ಪ್ರಯೋಗಾಲಯದ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಜಂಟಿಯಾಗಿ ಪ್ರಕಟಿಸಿದ ಲೇಖನಕ್ಕೆ 5,154 ಲೇಖಕರಿದ್ದರು. ಅದರ 33 ಪುಟಗಳಲ್ಲಿ 24 ಪುಟ ಲೇಖಕರು ಮತ್ತು ಅವರ ಸಂಸ್ಥೆಗಳ ಹೆಸರಿಗೇ ಹೋಯಿತು. ಅಷ್ಟೂ ಜನರಿಗೆ ಪೂರ್ತಿ ಉಲ್ಲೇಖಗಳನ್ನು ಹಂಚಿದರೆ ಎಣಿಕೆಗೆ ಅರ್ಥ ಉಳಿಯುವುದಿಲ್ಲ. ಪಾಲು ಹಾಕಿ ನೋಡಿ: ನಮ್ಮ ಪಟ್ಟಿಯ 48 ಉಲ್ಲೇಖಗಳ ಲೇಖನವನ್ನು ಆರು ಜನ ಬರೆದಿದ್ದರೆ ತಲೆಗೆ 8, ಒಬ್ಬರೇ ಬರೆದ 19ರ ಲೇಖನಕ್ಕೆ 19.

ಮುಂದೆ ಒಂದು ಹಾಳೆಯಲ್ಲಿ ಸಹಲೇಖಕರ ಹೆಸರುಗಳನ್ನು ಚುಕ್ಕಿಗಳಾಗಿಟ್ಟು, ಜೊತೆಯಾಗಿ ಬರೆದವರ ನಡುವೆ ಗೆರೆ ಎಳೆಯಿರಿ. ಇಬ್ಬರೇ ಬರೆದ ಲೇಖನದ ಗೆರೆಗೆ 1, ಆರು ಜನ ಬರೆದದ್ದಕ್ಕೆ ಪ್ರತಿ ಗೆರೆಗೂ ಐದನೆಯ ಒಂದು ಭಾಗ ಎಂದು ತೂಕ ಕೊಡುವ ವಿಧಾನವನ್ನು ಭೌತವಿಜ್ಞಾನಿ ಮಾರ್ಕ್ ನ್ಯೂಮನ್ 2001ರಲ್ಲಿ ಬಳಸಿದರು. ಹೆಸರುಗಳು ನೂರು ದಾಟಿದರೆ ಲೈಡನ್ ವಿಶ್ವವಿದ್ಯಾಲಯದ ಉಚಿತ ತಂತ್ರಾಂಶ ವಿಒಎಸ್‌ವ್ಯೂವರ್ ಈ ಚಿತ್ರವನ್ನು ಬಿಡಿಸಿಕೊಡುತ್ತದೆ. ಚಿತ್ರ ಸಿದ್ಧವಾದ ಮೇಲೆ ನಮ್ಮ ಸಂಶೋಧಕರ ಚುಕ್ಕಿಯನ್ನು ಬೆರಳಿನಿಂದ ಮುಚ್ಚಿ ನೋಡಿ. ಉಳಿದದ್ದು ಎರಡು ದೊಡ್ಡ ಗುಂಪುಗಳಾಗಿ ಬೇರ್ಪಟ್ಟರೆ ಅವರು ಎರಡು ತಂಡಗಳ, ಬಹುಶಃ ಎರಡು ಶಾಸ್ತ್ರಗಳ ನಡುವಿನ ಸೇತುವೆ. ಒಂಟಿ ಚುಕ್ಕಿಗಳು ಚೆಲ್ಲಾಪಿಲ್ಲಿಯಾದರೆ ಅವರ ಜೊತೆ ಬರೆದವರು ತಮ್ಮತಮ್ಮಲ್ಲಿ ಬರೆದಿಲ್ಲ. ಮಾರ್ಗದರ್ಶಕರ ಚಿತ್ರ ಹೀಗೆ ಕಾಣುವುದುಂಟು, ಹಾಗಾಗಿ ಅದನ್ನು ಕೊರತೆಯೆಂದು ಬರೆಯುವ ಮೊದಲು ಆ ಚುಕ್ಕಿಗಳು ಯಾರವು ಎಂದು ವಿಚಾರಿಸಿ.

ಇಷ್ಟಾದ ಮೇಲೂ ಸುಮಾರು ಇಪ್ಪತ್ತು ಉಲ್ಲೇಖಗಳನ್ನಾದರೂ ತೆರೆದು, ಆ ವಾಕ್ಯಗಳನ್ನೇ ಓದಬೇಕೆಂಬುದು ನನ್ನ ಒತ್ತಾಯ. ಒಬ್ಬರ ವಿಧಾನವನ್ನು ಬಳಸಿ ಹೊಸದೊಂದನ್ನು ಕಂಡುಕೊಂಡವರ ಉಲ್ಲೇಖವೂ, ಪೀಠಿಕೆಯಲ್ಲಿ ಎಂಟು ಹೆಸರುಗಳ ಜೊತೆ ತೇಲಿಸಿಬಿಟ್ಟ ಉಲ್ಲೇಖವೂ ಎಣಿಕೆಯಲ್ಲಿ ಒಂದೊಂದೇ.

ಕನ್ನಡದಲ್ಲಿ ಬರೆಯುವ ಸಂಶೋಧಕರ ವಿಷಯದಲ್ಲಂತೂ ಈ ದತ್ತಸಂಚಯಗಳನ್ನು ನಂಬಿ ಕೂರುವುದು ಅನ್ಯಾಯ. ನಮ್ಮ ಪುಸ್ತಕಗಳ, ಅಭಿನಂದನ ಗ್ರಂಥಗಳ ಅಡಿಟಿಪ್ಪಣಿಗಳಲ್ಲಿ ಬಹುಪಾಲು ಅಲ್ಲಿಗೆ ತಲುಪುವುದೇ ಇಲ್ಲ. ಶಾಸನಗಳ ಅಧ್ಯಯನದಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳನ್ನು ‘ಎ.ಕ.’ ಎಂದು ಹೇಳಿ ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ ಕೊಡುವುದು ರೂಢಿ, ಬಿ. ಎಲ್. ರೈಸ್ ಅವರಂಥ ಸಂಪಾದಕರ ಹೆಸರು ಅಲ್ಲಿ ಬರುವುದೇ ಇಲ್ಲವಾದ್ದರಿಂದ, ಅಷ್ಟು ಬಳಕೆಯಾದ ಕೆಲಸವನ್ನೂ ಯಂತ್ರ ಅವರ ಲೆಕ್ಕಕ್ಕೆ ಸೇರಿಸಲಾರದು. ಇಂಥವರಿಗಾಗಿ ಭಾರತೀಯ ವಿಶ್ವವಿದ್ಯಾಲಯಗಳ ಪ್ರಬಂಧಗಳ ಅಂತರಜಾಲ ಭಂಡಾರವಾದ ಶೋಧಗಂಗಾದಲ್ಲಿರುವ ಸಂಬಂಧಪಟ್ಟ ಪಿಎಚ್‌.ಡಿ. ಪ್ರಬಂಧಗಳ ಪರಾಮರ್ಶನ ಸೂಚಿಗಳನ್ನೂ, ಆ ವಿಷಯದ ಪ್ರಮುಖ ಕನ್ನಡ ಗ್ರಂಥಗಳ ಅಡಿಟಿಪ್ಪಣಿಗಳನ್ನೂ ಕೈಯಾರೆ ತಿರುವಿ, ಸಿಕ್ಕದ್ದನ್ನು ಪುಟಸಂಖ್ಯೆಯೊಡನೆ ಗುರುತು ಹಾಕಿಕೊಂಡು, ನೋಡಿದ ಪ್ರಬಂಧ ಮತ್ತು ಗ್ರಂಥಗಳ ಪಟ್ಟಿಯ ಸಮೇತ ವರದಿಯಲ್ಲಿ ಪ್ರತ್ಯೇಕ ಸಾಲಾಗಿ ಕೊಡಿ.